ಮಯಾಮಿಯ ಸುಂಕದ ಕಟ್ಟೆ
ಅಮೆರಿಕದ ಮಯಾಮಿ ಪಟ್ಟಣದಲ್ಲಿ 2001ರಲ್ಲಿ ತೆರೆದ ಆರಂತಸ್ತಿನ ಡೇಟಾ ಸೆಂಟರೊಂದು ದಕ್ಷಿಣ ಅಮೆರಿಕದವರು ಹೊರನಾಡುಗಳೊಡನೆ ನಡೆಸುವ ಅಂತರಜಾಲ ವ್ಯವಹಾರಕ್ಕೆ ಬಹುಕಾಲ ಸುಂಕದ ಕಟ್ಟೆಯಂತಿದ್ದಿತು. ಬ್ರೆಜಿಲಿನಿಂದ ಯೂರೋಪಿಗಿದ್ದ ಹಳೆಯ ನೇರ ತಂತಿಯ ಶಕ್ತಿ ಅತ್ಯಲ್ಪ. ಆದಕಾರಣ ಲಿಸ್ಬನ್ನಿಗೆ ಹೊರಟ ಓಲೆಯೂ ಸಾಮಾನ್ಯವಾಗಿ ಅಮೆರಿಕದ ನೆಲವನ್ನು ಹಾಯ್ದೇ ಹೋಗಬೇಕಾಗಿದ್ದಿತು. ಆ ಕಟ್ಟಡದ ಗೋಡೆಗಳು ಚಂಡಮಾರುತವನ್ನು ತಡೆಯಬಲ್ಲವು. ಆ ನೆಲದ ಕಾಯಿದೆಯನ್ನು ತಡೆಯಲಾರವು.

2013ರಲ್ಲಿ ಅಮೆರಿಕದ ಗೂಢಚರ್ಯೆ ಬಯಲಾದಾಗ ಬ್ರೆಜಿಲಿನ ಅಧ್ಯಕ್ಷೆ ಡಿಲ್ಮಾ ರೂಸೆಫ್ ವಿಶ್ವಸಂಸ್ಥೆಯ ಸಭೆಯಲ್ಲಿಯೇ ಅದನ್ನು ಖಂಡಿಸಿದರು. ಖಂಡನೆಯಿಂದ ತಂತಿಯ ದಾರಿ ಬದಲಾಗುವುದುಂಟೆ? ಫೋರ್ಟಲೇಜಾದಿಂದ ಪೋರ್ಚುಗಲ್ಲಿನ ಸೀನೆಸಿಗೆ ಎಲ್ಲಾಲಿಂಕ್ ಎಂಬ ಹೊಸ ತಂತಿ 2021ರಲ್ಲಿ ಕಾರ್ಯಾರಂಭ ಮಾಡಿತು. ಸಾವೋ ಪೌಲೋವಿನ ಸ್ವಂತ ವಿನಿಮಯ ಕೇಂದ್ರವಂತೂ ಇಂದು ಜಗತ್ತಿನ ಅತಿ ದೊಡ್ಡವುಗಳಲ್ಲೊಂದು. ಸ್ವಾಭಿಮಾನವುಳ್ಳ ರಾಷ್ಟ್ರಕ್ಕೆ ಇದೇ ತಕ್ಕ ಉತ್ತರವೆಂದು ನಮ್ಮ ಮತ. ಮಯಾಮಿಯ ಕಟ್ಟಡವು 2017ರಲ್ಲಿ ಎಕ್ವಿನಿಕ್ಸ್ ಕಂಪೆನಿಯ ವಶವಾಯಿತು. ದಕ್ಷಿಣದವರ ಸಂಚಾರ ಅಲ್ಲಿ ಇಂದಿಗೂ ನಿಂತಿಲ್ಲ.