ಹೆಸರಲ್ಲೇ ತಾರೀಖು ಐತೆ, ಓದಿ ತಗೊಳ್ರಿ | ಷೇರು ಮಾತು, ಭಾಗ 7

ಈ ಸಾಲನ್ನ ಒಮ್ಮೆ ಜೋರಾಗಿ ಓದಿ ನೋಡಿ:

👉 ನಿಫ್ಟಿ25ಡಿ0926000ಸಿಇ

ಓದೋಕೆ ಬರಲಿಲ್ಲ ಅಂದ್ರೆ ನಾಚಿಕೆ ಬೇಡ. ಆದ್ರೆ ಓದೋಕೆ ಬರದೇ ಇಂಥದ್ದನ್ನ ದುಡ್ಡು ಕೊಟ್ಟು ತಗೊಂಡಿದ್ರೆ, ಇವತ್ತಿನ ಮಾತು ನಿಮಗೇ.

ಹೋದ ಡಿಸೆಂಬರ್, ನಮ್ಮ ಬಸವಾಪಟ್ಟಣದ ಟೀ ಅಂಗಡಿ. ಪರಿಚಯದ ಹುಡುಗ ಫೋನ್ ತೋರಿಸಿದ. ಇಂಥದ್ದೇ ಒಂದು ಆಪ್ಷನ್. 120 ರೂಪಾಯಿ ಪ್ರೀಮಿಯಂ, 75ರ ಲಾಟ್, ಒಟ್ಟು 9,000 ಹಾಕಿದ್ದ. ಬೆಲೆ ಆಗಲೇ ಮೂರ್ನಾಲ್ಕು ರೂಪಾಯಿಗೆ ಇಳಿದಿತ್ತು. "25 ಡಿ ಅಂದ್ರೆ ಡಿಸೆಂಬರ್ 25 ಅಲ್ವೇನಣ್ಣ? ಇನ್ನೂ ಟೈಮ್ ಐತೆ, ಮೇಲೆ ಬರ್ತದೆ ಬಿಡು" ಅಂದ.

ಅವತ್ತು 9ನೇ ತಾರೀಖು. ಅದರ ಕೊನೆ ದಿನ ಅವತ್ತೇ. 25 ಅನ್ನೋದು ತಾರೀಖಲ್ಲ, ಇಸವಿ!

ಬಿಡಿಸಿ ಓದೋಣ:

▪️ ನಿಫ್ಟಿ: ಯಾವುದರ ಮೇಲಿನ ಒಪ್ಪಂದ ಅನ್ನೋದು
▪️ 25: ಇಸವಿ 2025
▪️ ಡಿ: ಡಿಸೆಂಬರ್. ತಿಂಗಳಿಗೆ ಒಂದೇ ಅಕ್ಷರದ ಜಾಗ. ಜನವರಿಗೆ 1, ಸೆಪ್ಟೆಂಬರ್‌ಗೆ 9, ಆಮೇಲೆ ಓ, ಎನ್, ಡಿ
▪️ 09: ಮುಗಿಯೋ ದಿನ
▪️ 26000: ಸ್ಟ್ರೈಕ್ ಬೆಲೆ
▪️ ಸಿಇ: ಕಾಲ್. ಪಿಇ ಇದ್ರೆ ಪುಟ್. ಆ 'ಇ' ಅಂದ್ರೆ ಯುರೋಪಿಯನ್, ಅಂದ್ರೆ ಹಕ್ಕು ಚಲಾಯಿಸೋದು ಕೊನೆ ದಿನ ಮಾತ್ರ. ಅದಕ್ಕೂ ಮೊದಲು ಬೇಕಾದ್ರೆ ಮಾರಿಬಿಡಬಹುದು

ಇದು ವಾರದ ಆಪ್ಷನ್. ತಿಂಗಳದ್ದು ಬೇರೆ ಥರ: ನಿಫ್ಟಿ25ಡಿಇಸಿ26000ಸಿಇ. ಇಲ್ಲಿ ತಾರೀಖೇ ಇಲ್ಲ! ತಿಂಗಳ ಕೊನೇ ಮಂಗಳವಾರ ಅಂತ ನಾವೇ ತಿಳ್ಕೊಂಡಿರಬೇಕು. 2025ರ ಡಿಸೆಂಬರ್‌ಗೆ ಅದು 30. ಎನ್‌ಎಸ್‌ಇಯಲ್ಲಿ ಮೊದಲು ಗುರುವಾರ ಇತ್ತು, 2025ರ ಸೆಪ್ಟೆಂಬರ್‌ನಿಂದ ಮಂಗಳವಾರ ಆಗಿದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಈ ಹೆಸರಲ್ಲಿ ಎಲ್ಲಕ್ಕಿಂತ ಮುಖ್ಯ ತಾರೀಖು. ನಮ್ಮ ಕಡೆಯವರು ಮುಗ್ಗರಿಸೋದೂ ಅಲ್ಲೇ. ಯಾಕೆ ಗೊತ್ತಾ? ನಾವು ಅಡಿಕೆ ಬೆಳೆಯೋ ಜನ. ಚನ್ನಗಿರಿಯಲ್ಲಿ ರೇಟ್ ಬಿತ್ತು ಅಂದ್ರೆ ಚೀಲ ಮನೇಲೇ ಇಡ್ತೀವಿ. "ಕಾಯ್ರೋ, ರೇಟ್ ಬರ್ತದೆ" ಅಂತ ಅಪ್ಪ, ಅಜ್ಜ ಹೇಳಿಕೊಟ್ಟಿದ್ದಾರೆ. ಅಡಿಕೆಗೆ ಆ ಬುದ್ಧಿ ಸರಿ. ಆಪ್ಷನ್‌ಗೆ ಅದೇ ವಿಷ. ಈ ಕಾಲ್ ತಗೊಂಡವನಿಗೆ 9ನೇ ತಾರೀಖು ನಿಫ್ಟಿ 26,000 ದಾಟಿ ಮುಗಿಯದಿದ್ರೆ ಕೈಗೆ ಸಿಗೋದು ಸೊನ್ನೆ. 10ನೇ ತಾರೀಖು ಸಾವಿರ ಪಾಯಿಂಟ್ ಏರಿದ್ರೂ ನಯಾಪೈಸೆ ಇಲ್ಲ. ಈ ಚೀಲ ಮನೇಲಿ ಇಡೋಕಾಗಲ್ಲ.

ಇನ್ನೊಂದು ಮಾತು. ಹೆಸರಲ್ಲಿ ಇಲ್ಲದೇ ಇರೋದನ್ನೂ ನೋಡ್ರಿ. ಲಾಟ್ ಎಷ್ಟು ಅಂತ ಅದರಲ್ಲಿ ಬರೆದಿರಲ್ಲ. 2024ರ ನವೆಂಬರ್‌ನಲ್ಲಿ ನಿಫ್ಟಿ ಲಾಟ್ 25ರಿಂದ 75 ಆಯ್ತು. ಹೆಸರಿನ ರೂಪ ಅದೇ, ಹಾಕೋ ದುಡ್ಡು ಮೂರು ಪಟ್ಟು.

"ಹೆಸರು ಓದೋಕೆ ಬಂದ್ರೆ ಲಾಭ ಬರುತ್ತಾ ಅಣ್ಣ?" ಅಂತ ಕೇಳ್ತೀರಿ. ಇಲ್ಲ. ಸೆಬಿ 2024ರಲ್ಲಿ ಕೊಟ್ಟ ಲೆಕ್ಕ: ಫ್ಯೂಚರ್ಸ್-ಆಪ್ಷನ್ಸ್‌ನಲ್ಲಿ ಮೂರು ವರ್ಷದಲ್ಲಿ ವೈಯಕ್ತಿಕವಾಗಿ ಆಡಿದವರಲ್ಲಿ 100ಕ್ಕೆ 93 ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಅವರಲ್ಲಿ ಓದಿ ತಿಳಿದವರೂ ಇರ್ತಾರೆ. ಓದು ಗೆಲ್ಲಿಸೋದಿಲ್ಲ, ಏನು ತಗೊಳ್ತಾ ಇದ್ದೀವಿ ಅಂತ ಹೇಳುತ್ತೆ ಅಷ್ಟೆ. ಎಷ್ಟೋ ಸಲ ಅದು ಗೊತ್ತಾದ ಮೇಲೆ ಕೈ ತಾನೇ ಹಿಂದಕ್ಕೆ ಬರುತ್ತೆ. ಆ ಹುಡುಗನಿಗೂ ನಾಲ್ಕು ದಿನ ಮೊದಲು ಗೊತ್ತಾಗಿದ್ರೆ ಅರ್ಧ ದುಡ್ಡಾದ್ರೂ ಉಳೀತಿತ್ತೋ ಏನೋ.

ಅದಕ್ಕೇ ಒಂದು ಕೆಲಸ ಮಾಡ್ರಿ. ಬೈ ಒತ್ತೋ ಮೊದಲು ಆ ಹೆಸರನ್ನ ಕನ್ನಡದ ಒಂದು ವಾಕ್ಯ ಮಾಡಿ ಹಾಳೆ ಮೇಲೆ ಬರೀರಿ: "ಇಂಥಾ ದಿನದೊಳಗೆ ನಿಫ್ಟಿ ಇಷ್ಟು ದಾಟದಿದ್ರೆ ನನ್ನ ಇಷ್ಟು ರೂಪಾಯಿ ಹೋಗುತ್ತೆ." ಆ ಹಾಳೆನ ಮನೆಯವರಿಗೆ ತೋರಿಸೋ ಧೈರ್ಯ ಇದ್ಯಾ? ಇಲ್ಲ ಅಂದ್ರೆ ಆ್ಯಪ್ ಮುಚ್ಚಿ.

ಮುಂದಿನ ಭಾಗದಲ್ಲಿ ಪ್ರೀಮಿಯಂ ದಿನದಿನಕ್ಕೆ ಯಾಕೆ ಕರಗುತ್ತೆ ಅಂತ ನೋಡೋಣ. ನಿಮ್ಮ ಫೋನಲ್ಲಿರೋ ಒಂದು ಹೆಸರು ಬಿಡಿಸಿ ಕಾಮೆಂಟ್‌ನಲ್ಲಿ ಹಾಕ್ರಿ, ತಪ್ಪಿದ್ರೆ ತಿದ್ದೋಣ 🙏

#ಷೇರುಮಾತು #ಆಪ್ಷನ್ಸ್ #ಬಸವಾಪಟ್ಟಣ #ಚನ್ನಗಿರಿ #ಕನ್ನಡದಲ್ಲಿಹಣಕಾಸು