ರೇಖೆ ಮತ್ತು ಕಣ್ಣು

ಪ್ರಕೃತಿಯು ಯಾವ ವಸ್ತುವಿನ ಸುತ್ತಲೂ ಕಪ್ಪುಗೆರೆಯನ್ನು ಎಳೆದಿಟ್ಟಿಲ್ಲ. ಆದರೂ ವರ್ಣ, ಛಾಯೆ, ಉಬ್ಬುತಗ್ಗುಗಳೆಲ್ಲವನ್ನೂ ಕಳಚಿಟ್ಟ ನಾಲ್ಕೆಂಟು ರೇಖೆಗಳನ್ನು ಕಂಡೊಡನೆಯೇ ಇದು ಬೀಗದ ಕೈ, ಇದು ಪಾದರಕ್ಷೆ ಎಂದು ನಿಸ್ಸಂಶಯವಾಗಿ ನುಡಿದುಬಿಡುತ್ತೇವೆ. ಈ ಶಕ್ತಿಯು ಅಕ್ಷರಾಭ್ಯಾಸದಂತೆ ಕಲಿತು ಬಂದದ್ದೋ ನೇತ್ರಕ್ಕೆ ಸಹಜವಾದದ್ದೋ ಎಂಬ ಚಿರಕಾಲದ ವಿವಾದವನ್ನು ಪರೀಕ್ಷಿಸಹೊರಟ ಅಮೆರಿಕದ ಜೂಲಿಯನ್ ಹಾಕ್‌ಬರ್ಗ್ ಮತ್ತು ವರ್ಜಿನಿಯಾ ಬ್ರೂಕ್ಸ್ ದಂಪತಿಗಳು, ತಮ್ಮ ಮಗುವನ್ನೇ ಸುಮಾರು 19 ತಿಂಗಳ ಪ್ರಾಯದವರೆಗೆ ಚಿತ್ರಗಳಿಂದ ಆದಷ್ಟೂ ದೂರವಿರಿಸಿ, ನಿಜವಸ್ತುಗಳ ಮೂಲಕವೇ ಹೆಸರುಗಳನ್ನು ಕಲಿಯಗೊಟ್ಟು, ತರುವಾಯ ಮೊದಲು ರೇಖಾಚಿತ್ರಗಳನ್ನೂ ಅನಂತರ ಛಾಯಾಚಿತ್ರಗಳನ್ನೂ ತೋರಿಸಲಾಗಿ, ಗೊಂಬೆ, ಮೋಟಾರು, ಕೀಲಿಕೈ ಮೊದಲಾದವನ್ನು ಮಗು ಬಹುಮಟ್ಟಿಗೆ ಸರಿಯಾಗಿಯೇ ಹೆಸರಿಸಿತೆಂದು 1962ರಲ್ಲಿ ಪ್ರಕಟಿಸಿದರು. ಒಂದೇ ಕೂಸಿನ ಸಾಕ್ಷ್ಯ ಅಲ್ಪವೆಂಬುದು ದಿಟ. ಆ ತಾಯಿತಂದೆಗಳ ಸಂಯಮವು ಅಲ್ಪವಲ್ಲ!

ಗುರುತಿಸುವುದು ಇಷ್ಟು ಸುಲಭವಾಗಿರಲು, ಬರೆಯುವುದು ಮಾತ್ರ ಬೇರೆಯೇ ವ್ಯಾಪಾರ. ಫ್ರಾನ್ಸಿನ ಲ್ಯೂಕೆ ಎಂಬ ವಿದ್ವಾಂಸರು 1927ರ ತಮ್ಮ ಗ್ರಂಥದಲ್ಲಿ ವಿವರಿಸಿದಂತೆ, ಎಳೆಯರು ಕಂಡದ್ದಕ್ಕಿಂತ ಹೆಚ್ಚಾಗಿ ತಾವು ಬಲ್ಲದ್ದನ್ನು ಬರೆಯುತ್ತಾರೆ: ಪಕ್ಕದಿಂದ ನೋಡಿದ ಮೇಜಿಗೂ ನಾಲ್ಕು ಕಾಲುಗಳು, ಗೋಡೆಯಾಚೆಯ ಮನುಷ್ಯರೂ ಪ್ರತ್ಯಕ್ಷ, ಹೊಲದ ಮಣ್ಣೊಳಗಿನ ಆಲೂಗಡ್ಡೆಯೂ ಗೋಚರ. ಇಂಥ ಚಿತ್ರದ ಮೇಲೆ ಕೆಂಪು ಸೀಸದಕಡ್ಡಿಯನ್ನಾಡಿಸಿ, ಉಪಾಧ್ಯಾಯರ ಹೂಜಿಯನ್ನೇ ಯಥಾವತ್ತಾಗಿ ನಕಲು ಮಾಡಿಸುವ ಶಾಲಾಪದ್ಧತಿ ನಮಗೆ ಸಮ್ಮತವಲ್ಲ. ಮರೆಯಾದ ಕಾಲನ್ನು ಬರೆಯದೆ ಬಿಡುವ ಜಾಣ್ಮೆ ಎಂಟೊಂಬತ್ತರ ವಯಸ್ಸಿನ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿಯೇ ಮೂಡತೊಡಗುತ್ತದೆ.