ಪಕ್ಕದ ಕೊಠಡಿಯ ಮೂವರು

ಕಳೆದ ತಿಂಗಳು ಒಂದು ಭಾನುವಾರ ರಾಜಾಜಿನಗರದ ಮಹಡಿಯೊಂದರ ಮೇಲೆ ಎರಡು ಗಂಟೆಯ ಕಾಲ ಕುಳಿತಿದ್ದು ಬಂದೆ. ಕೆಳಗೆ ಹಿಟ್ಟಿನ ಗಿರಣಿ. ಮೇಲೆ ಒಂದು ಸಣ್ಣ ನಾಟಕ ತಂಡದ ಪಾಠಶಾಲೆ. ಗಿರಣಿ ನಿಂತಾಗ ಮಾತಿನ ಅಭ್ಯಾಸ, ಗಿರಣಿ ತಿರುಗುವಾಗ ಅಂಗಾಭಿನಯ ಎಂದು ಅಲ್ಲಿಯ ಮೇಷ್ಟರು ನಗುತ್ತ ಪಾಠದ ಕ್ರಮವನ್ನು ತಿಳಿಸಿದರು. ದೊಡ್ಡ ಕೊಠಡಿಯಲ್ಲಿ ಅಭಿನಯದ ತರಗತಿ. ಅಲ್ಲಿ ಚಾಪೆಯ ಮೇಲೆ ಕಾಲಿಡಲೂ ಸ್ಥಳವಿರಲಿಲ್ಲ. ಪಕ್ಕದ ಚಿಕ್ಕ ಕೊಠಡಿಯಲ್ಲಿ ನಾಟಕ ರಚನೆಯ ತರಗತಿ. ಅಲ್ಲಿ ಇದ್ದವರು ಮೂವರು. ಈ ವ್ಯತ್ಯಾಸವೇ ನನ್ನ ಇಂದಿನ ಬರಹಕ್ಕೆ ಕಾರಣ.

ನಾಟಕ ಕಲಿಯಬೇಕೆನ್ನುವವರ ಸಂಖ್ಯೆ ಬೆಳೆದಿರುವುದು ಸಂತೋಷದ ಸಂಗತಿಯೇ. ಒಂದು ಕಾಲದಲ್ಲಿ ಈ ವಿದ್ಯೆಗೆ ಶಾಲೆಯೆಂಬುದೇ ಇರಲಿಲ್ಲ, ಕಂಪನಿಯೇ ಗುರುಕುಲ. ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದ ಕಥೆಯನ್ನು ಕೇಳದವರಾರು? 1959ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆ ತೆರೆಯಿತು, 1980ರಲ್ಲಿ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಆದರೆ ವಾರಕ್ಕೆ ಆರು ದಿನ ದುಡಿಯುವವನು ದೆಹಲಿಗೂ ಹೋಗಲಾರ, ಹೆಗ್ಗೋಡಿಗೂ ಹೋಗಲಾರ. ಇಂಥವನ ಕಷ್ಟವನ್ನು ಅರಿತವರು, ಆಕಾಶವಾಣಿಯ 'ಈರಣ್ಣ'ನಾಗಿ ಮನೆಮಾತಾಗಿದ್ದ ಎ.ಎಸ್. ಮೂರ್ತಿಯವರು. ಅವರು ಕಟ್ಟಿದ 'ಅಭಿನಯ ತರಂಗ' ಭಾನುವಾರದ ನಾಟಕ ಶಾಲೆ. ಇಂದು ನಗರದ ಪಶ್ಚಿಮ ಭಾಗದಲ್ಲಿಯೇ 'ವಿಜಯನಗರ ಬಿಂಬ'ದಂಥ ಸಂಸ್ಥೆ ಮಕ್ಕಳಿಗೂ ದೊಡ್ಡವರಿಗೂ ರಂಗಪಾಠ ಹೇಳುತ್ತಿದೆ; ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವಿದೆ. ಹೆಸರು ಪತ್ರಿಕೆಗೆ ಬಾರದ ಸಣ್ಣ ತಂಡಗಳೂ ಮಹಡಿಗಳ ಮೇಲೆ, ಶಾಲೆಯ ಕೊಠಡಿಗಳಲ್ಲಿ ತಮಗೆ ತಿಳಿದುದನ್ನು ಕಲಿಸುತ್ತಿವೆ.

ಅಭಿನಯದ ತರಗತಿಗೆ ಬರುವವರಲ್ಲಿ ಹಲವರ ಕಣ್ಣು ದೂರದರ್ಶನದ ಧಾರಾವಾಹಿಗಳ ಮೇಲಿದೆ ಎಂಬ ಆಕ್ಷೇಪಣೆಯುಂಟು. ಇರಲಿ. ಈ ಮಾತನ್ನು ಹೇಳುವಾಗ ಕೆಲವರು ಮೂಗು ಮುರಿಯುವುದು ನನಗೆ ಒಪ್ಪಿಗೆಯಿಲ್ಲ. ಹೊಟ್ಟೆಪಾಡನ್ನು ಮರೆತ ಕಲೆ ಎಲ್ಲಿಯೂ ಇರಲಿಲ್ಲ. ಕಂಪನಿ ನಾಟಕದ ಮನೆಯಲ್ಲಿ ಹುಟ್ಟಿ ಬೆಳೆದ ರಾಜ್‌ಕುಮಾರ್ 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ತೆರೆಗೆ ಹೋದರು. ಅದರಿಂದ ರಂಗಭೂಮಿಯ ಮಾನವೇನೂ ಹೋಗಲಿಲ್ಲ. ಕ್ಯಾಮರಾದ ಆಸೆಯಿಂದ ಬಂದ ಹುಡುಗನಿಗೂ ಮೊದಲು ನೆಟ್ಟಗೆ ನಿಲ್ಲುವುದನ್ನು, ಉಸಿರು ಹಿಡಿದು ಮಾತನಾಡುವುದನ್ನು, ಎಲ್ಲಕ್ಕಿಂತ ಹೆಚ್ಚಾಗಿ ಎದುರಿನವನ ಮಾತನ್ನು ಕೇಳಿಸಿಕೊಳ್ಳುವುದನ್ನು ಕಲಿಸಲೇಬೇಕು. ಈ ಕಲಿಕೆ ಎಲ್ಲಿ ಹೋದರೂ ವ್ಯರ್ಥವಲ್ಲ.

ನನ್ನ ಚಿಂತೆ ಪಕ್ಕದ ಕೊಠಡಿಯದು. ಇಷ್ಟು ಮಂದಿ ನಟರು ತಯಾರಾದ ಮೇಲೆ ಅವರು ಆಡುವುದು ಏನನ್ನು? 'ತುಘಲಕ್' ಬಂದದ್ದು 1964ರಲ್ಲಿ. ಅದರ ಹಿಂದು ಮುಂದಿನ ಎರಡು ದಶಕಗಳಲ್ಲಿ ಶ್ರೀರಂಗ, ಲಂಕೇಶ, ಕಂಬಾರ, ಕಾರ್ನಾಡರು ಬರೆದುದನ್ನು ನಾವು ಇಂದಿಗೂ ಆಡುತ್ತಿದ್ದೇವೆ. ಆಡಬೇಕಾದುದೇ, ಆದರೆ ಅಷ್ಟರಿಂದಲೇ ತೃಪ್ತರಾದರೆ ಅಜ್ಜನ ಗದ್ದೆಯ ಪಾಲನ್ನೇ ಉಂಡು ಕೂತಂತಾಗುತ್ತದೆ. ಹೊಸ ನಾಟಕ ಸಿಗದಿದ್ದಾಗ ತಂಡಗಳು ಕಾದಂಬರಿಗಳ ಕಡೆಗೆ ತಿರುಗುತ್ತವೆ. ಅದರಲ್ಲಿಯೂ ಮಹತ್ತಾದ ಕೆಲಸ ಆಗಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪದಲ್ಲಿ, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಮೊದಲು ಪ್ರಯೋಗವಾಗಿ, ಮುಂದೆ ನಮ್ಮ ಕಲಾಗ್ರಾಮಕ್ಕೂ ಬಂದಿತು. ಜನ ಇರುಳೆಲ್ಲ ಎದ್ದಿದ್ದು ನೋಡಿದರು. ನಾಟಕಕ್ಕೆ ಪ್ರೇಕ್ಷಕರಿಲ್ಲವೆಂಬ ದೂರಿಗೆ ಅದಕ್ಕಿಂತ ಉತ್ತರ ಬೇಕಿಲ್ಲ. ಆದರೆ ಕುವೆಂಪು ಅವರು ಮಲೆನಾಡನ್ನು ಬರೆದರು. ಕಾಮಾಕ್ಷಿಪಾಳ್ಯದ ಲೇತ್ ಯಂತ್ರದ ಮುಂದೆ ನಿಂತವನನ್ನು, ಮುಂಜಾನೆ ಕೆಂಗೇರಿಯಿಂದ ಮೆಟ್ರೋ ಹತ್ತುವ ಹೆಣ್ಣುಮಗಳನ್ನು ಬರೆಯತಕ್ಕವರಾರು?

ನಾಟಕ ಬರೆಯುವುದನ್ನು ಕಲಿಸಲು ಬರುತ್ತದೆಯೆ ಎಂದು ಸ್ನೇಹಿತರೊಬ್ಬರು, ಕಾಲೇಜಿನ ಅಧ್ಯಾಪಕರು, ನನ್ನನ್ನು ಕೇಳಿದರು. ಸಂಗೀತವನ್ನು ಕಲಿಸಲು ಬರುತ್ತದೆಯೆ ಎಂದು ನಾವು ಯಾರೂ ಕೇಳುವುದಿಲ್ಲ. ಪ್ರತಿಭೆಯನ್ನು ಯಾವ ಗುರುವೂ ಕೊಡಲಾರ. ಸ್ವರವನ್ನೂ ತಾಳವನ್ನೂ ಕೊಡಬಲ್ಲ. ಪಾತ್ರವೊಂದು ಯಾವ ಗಳಿಗೆಯಲ್ಲಿ ಒಳಗೆ ಬರಬೇಕು, ಯಾವ ಸಂಗತಿಯನ್ನು ಪ್ರೇಕ್ಷಕನಿಂದ ಎಷ್ಟು ಹೊತ್ತು ಬಚ್ಚಿಡಬೇಕು, ಎಲ್ಲಿ ಮಾತು ಸಾಕು, ಎಲ್ಲಿ ಮೌನ ಬೇಕು ಎಂಬುದೆಲ್ಲ ಕಲಿಯಬಹುದಾದ ವಿದ್ಯೆಯೇ. ಆದರೆ ಈ ವಿದ್ಯೆ ಕಪ್ಪುಹಲಗೆಯಿಂದ ಬರುವುದಿಲ್ಲ, ನಟನ ಬಾಯಿಂದ ಬರುತ್ತದೆ.

ಹಿಂದಿನವರು ಇದನ್ನು ಅರಿತಿದ್ದರು. ಗುಬ್ಬಿ ಕಂಪನಿಗಾಗಿ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರು ಯಾವ ನಟನ ಕಂಠ ಹೇಗೆ, ಯಾವ ನಟಿಯ ನಡೆ ಹೇಗೆ ಎಂದು ತಿಳಿದು ಬರೆದವರು. ಕೈಲಾಸಂ ಅವರಂತೂ ತಮ್ಮ ನಾಟಕಗಳನ್ನು ಬಾಯಲ್ಲಿ ಹೇಳಿ ಬರೆಯಿಸಿದರು. ಅವರ ಲೇಖನಿ ನಾಲಿಗೆಯೇ ಆಗಿತ್ತು. ಮುಂದೆ ನಾಟಕ ಪಠ್ಯಪುಸ್ತಕವಾಯಿತು. ನಾವು ಅಧ್ಯಾಪಕರೆಲ್ಲ ಅದನ್ನು ಕುಳಿತು ಓದಿಸಿದೆವು, ಪಾತ್ರ ವಿಮರ್ಶೆ ಬರೆಯಿಸಿದೆವು, ಅಂಕ ಕೊಟ್ಟೆವು. ಒಂದು ಸಲವೂ ಎದ್ದುನಿಂತು ಆಡಿಸಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ನಾನೂ ಈ ತಪ್ಪಿಗೆ ಹೊರಗಲ್ಲ. ಹೀಗೆ ಕಲಿತ ಹುಡುಗ ನಾಟಕ ಬರೆಯಲು ಕುಳಿತರೆ ಪ್ರಬಂಧವನ್ನು ಬರೆಯದೆ ಇನ್ನೇನು ಮಾಡಿಯಾನು?

ಆ ಭಾನುವಾರ ನಾನು ಕಂಡದ್ದನ್ನು ಹೇಳುತ್ತೇನೆ. ರಚನೆಯ ತರಗತಿಯ ಮೂವರಲ್ಲಿ ಒಬ್ಬ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕೆಲಸ ಕಳೆದುಕೊಂಡ ಮಗ ಮನೆಗೆ ಬಂದು ತಾಯಿಗೆ ವಿಷಯ ತಿಳಿಸುವ ದೃಶ್ಯವನ್ನು ಬರೆದು ತಂದಿದ್ದ. ತಾಯಿಯ ಮಾತೇ ಒಂದು ಪುಟ: ಬಡತನ, ವಿಧಿ, ಮಾಲೀಕರ ನಿರ್ದಯೆ ಎಲ್ಲವೂ ಅದರಲ್ಲಿದ್ದವು. ಮೇಷ್ಟರು ದೊಡ್ಡ ಕೊಠಡಿಯಿಂದ ನಡುವಯಸ್ಸಿನ ಒಬ್ಬ ಹೆಂಗಸನ್ನು ಕರೆದು ಓದಿಸಿದರು. ಆಕೆ ನಾಲ್ಕು ಸಾಲು ಓದಿ ನಿಲ್ಲಿಸಿದರು. "ಮೇಷ್ಟ್ರೇ, ಇದನ್ನ ನನ್ನ ಕೈಲಿ ಹೇಳೋಕೆ ಆಗ್ತಿಲ್ಲ" ಎಂದರು. "ನೀವಾಗಿದ್ರೆ ಏನು ಹೇಳ್ತಿದ್ರಿ ಅಮ್ಮಾ?" ಎಂದು ಹುಡುಗ ಕೇಳಿದ. ಆಕೆ ಹಾಳೆಯನ್ನು ಕೆಳಗಿಟ್ಟು, ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಕೈ ಕಾಲು ತೊಳ್ಕೊಂಡು ಬಾ, ಊಟಕ್ಕೆ ಇಡ್ತೀನಿ" ಎಂದರು. ಕೊಠಡಿಯಲ್ಲಿ ಯಾರೂ ಮಾತನಾಡಲಿಲ್ಲ. ಹುಡುಗ ಲೇಖನಿ ತೆಗೆದು ಇಡೀ ಪುಟಕ್ಕೆ ಅಡ್ಡಗೆರೆ ಎಳೆದ. ಹತ್ತು ಉಪನ್ಯಾಸಗಳಿಂದ ಆಗದ ಪಾಠ ಅರ್ಧ ನಿಮಿಷದಲ್ಲಿ ಆಯಿತು. ಲಾಭ ಅವನೊಬ್ಬನದಲ್ಲ: ತಾನು ಬರಿಯ ಬಾಯಿಪಾಠದ ಗಿಳಿಯಲ್ಲ, ಮಾತಿನ ಸತ್ಯಾಸತ್ಯವನ್ನು ಹೇಳಬಲ್ಲವಳು ಎಂಬುದು ಆ ಹೆಂಗಸಿಗೂ ತಿಳಿಯಿತು.

ಆದುದರಿಂದ ನನ್ನ ಸಲಹೆ ಇಷ್ಟೇ. ಎರಡು ಕೊಠಡಿಗಳ ನಡುವಿನ ಬಾಗಿಲನ್ನು ತೆರೆಯಿರಿ. ಅಭಿನಯ ಕಲಿಯುವವನೂ ಒಂದು ಪುಟ ಬರೆಯಲಿ. ಬರೆಯುವವನೂ ಒಂದು ಪಾತ್ರ ಕಟ್ಟಲಿ. ಪ್ರತಿ ತಂಡವೂ ವರ್ಷಕ್ಕೊಂದು ಹೊಸ ಕಿರುನಾಟಕವನ್ನು, ಅದು ಅರೆಬೆಂದದ್ದಾದರೂ ಸರಿ, ರಂಗಕ್ಕೆ ತರಲಿ. ನೋಡಲು ಹೋಗುವ ನಾವು ಅದನ್ನು 'ತುಘಲಕ್'ನ ಪಕ್ಕದಲ್ಲಿಟ್ಟು ತೂಗದಿರೋಣ. ಶಾಲಾ ಕಾಲೇಜುಗಳ ಅಧ್ಯಾಪಕರು ನಾಟಕದ ಪಾಠವನ್ನು ಒಂದು ದಿನವಾದರೂ ಮೇಜು ಬದಿಗೆ ಸರಿಸಿ ಮಾಡಲಿ. ಭಾನುವಾರ ಬೀಗ ಹಾಕಿರುವ ಶಾಲೆಯ ಸಭಾಂಗಣಗಳನ್ನು ಆಡಳಿತದವರು ಸಣ್ಣ ತಂಡಗಳಿಗೆ ಕಡಮೆ ಬಾಡಿಗೆಗೆ ತೆರೆದುಕೊಡಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಬೀಗದ ಕೈ ಸಾಕು.

ಭರತಮುನಿ ತನ್ನ ನೂರು ಮಕ್ಕಳಿಗೆ ನಾಟ್ಯವನ್ನು ಕಲಿಸಿದನೆಂದು ನಾಟ್ಯಶಾಸ್ತ್ರ ಹೇಳುತ್ತದೆ. ಮೊದಲ ಪ್ರಯೋಗಕ್ಕೇ ವಿಘ್ನಗಳು ಬಂದುವಂತೆ. ಆಗ ಬ್ರಹ್ಮ ಪ್ರಯೋಗವನ್ನು ಬಿಟ್ಟುಬಿಡೆನ್ನಲಿಲ್ಲ. ವಿಶ್ವಕರ್ಮನನ್ನು ಕರೆದು ನಾಟ್ಯಗೃಹವನ್ನು ಕಟ್ಟಿಸಿದ. ಇಂದಿನ ವಿಘ್ನ ಬಾಡಿಗೆಯ ರೂಪದಲ್ಲಿ ಬರುತ್ತದೆ. ಗಿರಣಿಯ ಮೇಲಿನ ಆ ಕೊಠಡಿಯನ್ನು ಬರುವ ವರ್ಷ ಬಿಡಬೇಕಾಗಬಹುದೆಂದು ಮೇಷ್ಟರು ಇಳಿದು ಬರುವಾಗ ಹೇಳಿದರು. ವಿಶ್ವಕರ್ಮ ಈ ಬಡಾವಣೆಗೆ ಬರಲಾರ. ಬರಬೇಕಾದವರು ನೆರೆಹೊರೆಯವರಾದ ನಾವೇ. ಮುಂದಿನ ಭಾನುವಾರ ಆ ಫಿಟ್ಟರ್ ಹುಡುಗ ತಿದ್ದಿದ ದೃಶ್ಯವನ್ನು ಓದುತ್ತಾನಂತೆ. ನಾನು ಹೋಗುತ್ತೇನೆ. ಓದುಗರೂ ತಮ್ಮ ಬೀದಿಯ ಇಂಥ ಒಂದು ಮಹಡಿಯನ್ನು ಹುಡುಕಿಕೊಂಡು ಹತ್ತಬೇಕೆಂದು ಕೋರುತ್ತೇನೆ.